ಲಕ್ಸೆಂಬರ್ಗಿನಲ್ಲಿ ಬಸ್ಸು ಪುಕ್ಕಟೆ, ಗಡಿ ದಾಟಿದರೆ ಟಿಕೀಟು

ಕಳೆದ ಸಂಚಿಕೆಯಲ್ಲಿ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದಲ್ಲಿ ಬಸ್ಸು, ರೈಲು, ಟ್ರಾಮ್ ಎಲ್ಲ ಪುಕ್ಕಟೆ ಅಂತ ಎರಡೇ ಸಾಲು ಬರೆದಿದ್ದೆವು. ಅಷ್ಟಕ್ಕೇ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದವನ್ನು ಒಟ್ಟಿಗೆ ಸೇರಿಸಿದ್ದೇವೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡೇ ಮಾತು. ಬೇಜಾರಾಗಬೇಡಿ.

ಮಗ ಕೆಲಸದ ಮೇಲೆ ಲಕ್ಸೆಂಬರ್ಗಿನಲ್ಲಿದ್ದಾನೆ. ಈ ಬೇಸಿಗೆಗೆ ನಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತಿದ್ದಾನೆ. ಪುಕ್ಕಟೆ ಅನ್ನುವುದು ಅಲ್ಲಿಯವರಿಗೆ ಮಾತ್ರವೋ, ನಮಗೂ ಇದೆಯೋ? ಕಾರ್ಡು ಮಾಡಿಸಬೇಕೇ?
– ನಿವೃತ್ತ ಬ್ಯಾಂಕ್ ನೌಕರರು, ಟಿಳಕವಾಡಿ, ಬೆಳಗಾವಿ

ನಿಮಗೂ ಇದೆ. ಕಾರ್ಡು ಬೇಡ, ಆ್ಯಪ್ ಬೇಡ, ಹೆಸರು ಬರೆಸುವುದೂ ಬೇಡ. ನಮ್ಮಲ್ಲಿ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಆಧಾರ್ ತೋರಿಸಿ ಶೂನ್ಯ ಟಿಕೀಟು ತೆಗೆದುಕೊಳ್ಳುತ್ತಾರಲ್ಲ, ಅಲ್ಲಿ ಆ ಶೂನ್ಯ ಟಿಕೀಟೂ ಇಲ್ಲ. ಗಂಡಸರು, ಹೆಂಗಸರು, ಪ್ರವಾಸಿಗರು, ಪಕ್ಕದ ದೇಶದಿಂದ ಕೆಲಸಕ್ಕೆ ಬರುವವರು, ಎಲ್ಲರೂ ಸುಮ್ನೆ ಹತ್ತುತ್ತಾರೆ, ಇಳಿಯುತ್ತಾರೆ. 2020ರ ಫೆಬ್ರವರಿ 29ರಿಂದ ಹೀಗಿದೆ. ಇಡೀ ದೇಶಕ್ಕೆ ಹೀಗೆ ಮಾಡಿದ್ದು ಜಗತ್ತಿನಲ್ಲಿ ಅವರೇ ಮೊದಲು. ಮಾಲ್ಟಾ 2022ರಲ್ಲಿ ಮಾಡಿತು, ಆದರೆ ಅಲ್ಲಿ ಕಾರ್ಡು ಇರುವ ನಿವಾಸಿಗಳಿಗೆ ಮಾತ್ರ, ಪ್ರವಾಸಿಗರು ದುಡ್ಡು ಕೊಡಬೇಕು.

ಎರಡು ಕಡೆ ಮಾತ್ರ ದುಡ್ಡು ಬೀಳುತ್ತದೆ. ಒಂದು, ರೈಲಿನ ಫಸ್ಟ್ ಕ್ಲಾಸ್. ಪುಕ್ಕಟೆ ಇರುವುದು ಸೆಕೆಂಡ್ ಕ್ಲಾಸಿಗೆ. ಡಬ್ಬಿಯ ಬಾಗಿಲ ಹತ್ತಿರ 1 ಅಂತ ದಪ್ಪ ಅಂಕಿ ಇರುತ್ತದೆ, ಅದನ್ನು ನೋಡದೆ ಹೋಗಿ ಮೆತ್ತನೆ ಸೀಟಿನಲ್ಲಿ ಕೂತರೆ ಚೆಕ್ಕಿಂಗಿನವರು ಬಂದಾಗ ತ್ರಾಸು. ಎರಡನೆಯದು ಗಡಿ. ಕೊಲ್ಹಾಪುರಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ ನಮ್ಮ ಶಕ್ತಿ ಹೇಗೆ ನಡೆಯುವುದಿಲ್ಲವೋ ಹಾಗೇ, ಲಕ್ಸೆಂಬರ್ಗಿನ ಪುಕ್ಕಟೆ ಪಕ್ಕದ ದೇಶದಲ್ಲಿ ನಡೆಯುವುದಿಲ್ಲ.

ಈ ಗಡಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸಬರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಇಡೀ ದೇಶ 2,586 ಚದರ ಕಿ.ಮೀ. ನಮ್ಮ ಬಾಗಲಕೋಟೆ ಜಿಲ್ಲೆಯೇ 6,575. ಉತ್ತರದಿಂದ ದಕ್ಷಿಣಕ್ಕೆ 82 ಕಿ.ಮೀ., ಅಡ್ಡಕ್ಕೆ 57 ಕಿ.ಮೀ. ಅಷ್ಟೇ. ರೈಲಿನಲ್ಲಿ ಸ್ವಲ್ಪ ಕಣ್ಣು ಮುಚ್ಚಿದರೆ ಜರ್ಮನಿಯಲ್ಲಿ ಇರುತ್ತೀರಿ. ಆದ್ದರಿಂದ ನಾಲ್ಕು ಸ್ಟೇಷನ್ನುಗಳ ಹೆಸರು ನೆನಪಿಟ್ಟುಕೊಳ್ಳಿ: ಜರ್ಮನಿ ಕಡೆಗೆ ವಾಸರ್‌ಬಿಲಿಗ್, ಫ್ರಾನ್ಸ್ ಕಡೆಗೆ ಬೆಟೆಂಬೂರ್ಗ್, ಬೆಲ್ಜಿಯಂನ ಆರ್ಲಾನ್ ಕಡೆಗೆ ಕ್ಲೈನ್‌ಬೆಟಿಂಗೆನ್, ಉತ್ತರಕ್ಕೆ ತ್ರುವಾವಿಯೇರ್ಜ್. ಇವುಗಳಿಂದ ಮುಂದೆ ಹೋಗುವುದಿದ್ದರೆ ರೈಲು ಹತ್ತುವ ಮೊದಲೇ ಟಿಕೀಟು ತೆಗೆಯಿರಿ. ಮಗ ರಜೆ ಹಾಕಿ ಜರ್ಮನಿಯ ಟ್ರಿಯರ್ ಊರು ತೋರಿಸುತ್ತೇನೆ ಅಂದರೆ ಹೋಗಿ, ರೋಮನ್ನರ ಕಾಲದ ಕಪ್ಪು ಹೆಬ್ಬಾಗಿಲು ಇನ್ನೂ ನಿಂತಿದೆ. ಜೊತೆಗೆ ಪಾಸ್‌ಪೋರ್ಟ್ ಮೂಲಪ್ರತಿಯೇ ಇರಲಿ, ಝೆರಾಕ್ಸ್ ನಡೆಯುವುದಿಲ್ಲ. ಯುರೋಪಿನ ಬಹಳಷ್ಟು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಒಂದೇ ಸಾಕು, ಗಡಿಯಲ್ಲಿ ಗೇಟು ಇಲ್ಲ ಅನ್ನುವುದೆಲ್ಲ ಸರಿ. ಆದರೆ ಜರ್ಮನಿ 2024ರ ಸೆಪ್ಟೆಂಬರಿನಲ್ಲಿ ಲಕ್ಸೆಂಬರ್ಗ್ ಕಡೆಯ ಗಡಿಯಲ್ಲೂ ತಪಾಸಣೆ ಶುರು ಮಾಡಿತು. ಅಂದಹಾಗೆ ಆ ಷೆಂಗೆನ್ ಅನ್ನುವುದೂ ಇವರದೇ ಒಂದು ಹಳ್ಳಿ, ಮೊಸೆಲ್ ಹೊಳೆಯ ದಂಡೆಗೆ. 1985ರ ಜೂನ್ 14ರಂದು ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಆ ಹೊಳೆಯಲ್ಲಿ ನಿಂತ ಹಡಗಿನ ಮೇಲೆ. ಅಲ್ಲಿಗೂ ಪುಕ್ಕಟೆ ಬಸ್ಸಿದೆ.

ಯಾವ ಏರ್‌ಪೋರ್ಟಿಗೆ ಇಳಿಯುವುದು ಸೋವಿ ಮತ್ತು ಸುಲಭ?
– ಗೋಕಾಕದಿಂದ ಒಬ್ಬರು

ಭಾರತದಿಂದ ಲಕ್ಸೆಂಬರ್ಗಿಗೆ ನೇರ ವಿಮಾನ ಇಲ್ಲ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರೋ ದಿಲ್ಲಿಯೋ ಹಿಡಿದು, ಮುಂದೆ ಫ್ರಾಂಕ್‌ಫರ್ಟ್ ಅಥವಾ ಬೇರೆ ಕಡೆ ಬದಲಿಸಿ ಫಿಂಡೆಲ್‌ಗೆ ಇಳಿಯಬೇಕು. ಫಿಂಡೆಲ್ ಅಂದರೆ ಅವರ ಒಂದೇ ಏರ್‌ಪೋರ್ಟ್. 2025ರ ಮಾರ್ಚಿನಿಂದ ಟ್ರಾಮ್ ಅಲ್ಲಿಯತನಕ ಬರುತ್ತದೆ, ಸೂಟ್‌ಕೇಸು ಎಳೆದುಕೊಂಡು ಹತ್ತಿದರೆ ನೇರ ರಾಜಧಾನಿಯೊಳಗಿನ (ಅದರ ಹೆಸರೂ ಲಕ್ಸೆಂಬರ್ಗೇ) ರೈಲ್ವೆ ಸ್ಟೇಷನ್ನಿಗೆ ಬಿಡುತ್ತದೆ, ಅದೂ ಪುಕ್ಕಟೆ. ಪ್ಯಾರಿಸ್‌ಗೆ ವಿಮಾನ ಸೋವಿ ಸಿಕ್ಕರೆ ಅಲ್ಲಿಂದ ಟಿಜಿವಿ ಅನ್ನುವ ವೇಗದ ರೈಲು ಎರಡು ತಾಸಿಗಿಂತ ಸ್ವಲ್ಪ ಜಾಸ್ತಿ. ಆದರೆ ಆ ರೈಲು ಹೊರಡುವುದು ಏರ್‌ಪೋರ್ಟಿನಿಂದ ಅಲ್ಲ, ಊರೊಳಗಿನ ಪ್ಯಾರಿಸ್ ಎಸ್ಟ್ ಸ್ಟೇಷನ್ನಿನಿಂದ. ಮೊದಲ ಸಲ ಹೋಗುವವರು, ವಯಸ್ಸಾದವರು ಜೊತೆಗಿದ್ದರೆ, ನಾಲ್ಕು ಸಾವಿರ ಜಾಸ್ತಿ ಹೋದರೂ ಫಿಂಡೆಲ್‌ಗೇ ಇಳಿಯಿರಿ.

ನಾನು ವಿಜಯಪುರದಲ್ಲಿ ಕ್ರೂಸರ್ ಓಡಿಸುತ್ತೇನೆ. ತಂಗಿ ಲಕ್ಸೆಂಬರ್ಗಿನಲ್ಲಿದ್ದಾಳೆ, ಹೋಗಬೇಕು. ನಾನೇ ಕಾರು ಬಾಡಿಗೆ ತೆಗೆದುಕೊಂಡು ಎಲ್ಲರನ್ನೂ ತಿರುಗಿಸಬೇಕು ಅಂತ ಆಸೆ. ನಮ್ಮ ಲೈಸೆನ್ಸ್ ನಡೆಯುತ್ತದೆಯೇ?
– ವಿಜಯಪುರ

ಪ್ರವಾಸಕ್ಕೆ ಹೋದಾಗ ನಡೆಯುತ್ತದೆ. ಆದರೆ ಇಲ್ಲಿಂದ ಹೊರಡುವ ಮೊದಲು ನಿಮ್ಮ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಫಾರ್ಮ್ 4ಎ ತುಂಬಬೇಕು, ಪಾಸ್‌ಪೋರ್ಟ್ ಪ್ರತಿ ಕೊಡಬೇಕು. ಒಂದು ವರ್ಷ ಇರುತ್ತದೆ. ಅಲ್ಲಿಗೆ ಹೋದ ಮೇಲೆ ಮಾಡಿಸುತ್ತೇನೆ ಅಂದರೆ ತಡವಾಯಿತು. ಮತ್ತೆ, ಅದು ಒಂದೇ ಕೈಯಲ್ಲಿದ್ದರೆ ಸಾಲದು, ಮೂಲ ಲೈಸೆನ್ಸೂ ಜೊತೆಗಿರಬೇಕು. ನಿಮ್ಮ ತಂಗಿಯಂತೆ ಅಲ್ಲೇ ವಾಸಕ್ಕೆ ಹೋದವರ ಲೆಕ್ಕ ಬೇರೆ: ಭಾರತದ ಲೈಸೆನ್ಸನ್ನು ಮೊದಲ ಒಂದು ವರ್ಷದೊಳಗೆ ಅಲ್ಲಿಯದಕ್ಕೆ ಬದಲಿಸಿಕೊಳ್ಳಬೇಕು.

ಈಗ ಓಡಿಸುವ ಮಾತು. ನಿಮಗೆ ಕೈ ಪಳಗಿದೆ, ಒಪ್ಪಿದೆ. ಆದರೂ ಮೊದಲ ದಿನ ಖಾಲಿ ರಸ್ತೆ ಹುಡುಕಿ ಓಡಿಸಿ. ಅಲ್ಲಿ ಬಲಗಡೆ ಓಡಿಸಬೇಕು, ಸ್ಟೇರಿಂಗ್ ಎಡಕ್ಕೆ, ಗೇರು ಬಲಗೈಗೆ. ನೇರ ರಸ್ತೆಯಲ್ಲಿ ಏನೂ ಆಗುವುದಿಲ್ಲ. ಪೆಟ್ರೋಲ್ ಹಾಕಿಸಿಕೊಂಡು ಪಂಪಿನಿಂದ ಹೊರಗೆ ಬರುವಾಗ, ಮುಂಜಾನೆ ಎದ್ದು ಓಣಿಯಿಂದ ಕಾರು ತೆಗೆಯುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಅದು ಮೊದಲ ಎಚ್ಚರಿಕೆ. ಎರಡನೆಯದು ಬಲಗಡೆಯಿಂದ ಬರುವವರಿಗೆ ದಾರಿ ಬಿಡುವ ನಿಯಮ. ಬೋರ್ಡು, ಸಿಗ್ನಲ್ಲು ಏನೂ ಇಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲಕ್ಕಿರುವ ಸಣ್ಣ ಓಣಿಯಿಂದ ಬರುವ ಗಾಡಿಗೂ ಮೊದಲ ಹಕ್ಕು. ನಮ್ಮಲ್ಲಿ ದೊಡ್ಡ ಗಾಡಿಗೆ ಮೊದಲ ಹಕ್ಕು ಅಲ್ವಾ, ಆ ರೂಢಿ ಬಿಡಬೇಕು.

ವೇಗ: ಹೆದ್ದಾರಿಯಲ್ಲಿ 130, ಮಳೆ ಇದ್ದರೆ 110. ಊರ ಹೊರಗಿನ ರಸ್ತೆಯಲ್ಲಿ 90, ಊರೊಳಗೆ 50, ಎಷ್ಟೋ ಓಣಿಗಳಲ್ಲಿ 30. ಕ್ಯಾಮೆರಾ ಇರುತ್ತವೆ, ಮಾತಾಡಿ ಬಿಡಿಸಿಕೊಳ್ಳಲು ಅಲ್ಲಿ ಯಾರೂ ನಿಂತಿರುವುದಿಲ್ಲ. ಕಾರಿಗೆ ಟೋಲ್ ಇಲ್ಲ, ಫ್ರಾನ್ಸಿಗೆ ದಾಟಿದರೆ ಅಲ್ಲಿನ ಎಷ್ಟೋ ಹೆದ್ದಾರಿಗಳಲ್ಲಿ ಟೋಲ್ ಕಟ್ಟಬೇಕಾಗುತ್ತದೆ. ಹಿಮ ಬೀಳುವ ಕಾಲಕ್ಕೆ ಹೋದರೆ ಚಳಿಗಾಲದ ಟೈರು ಕಡ್ಡಾಯ, ಗಾಡಿ ಕೈಗೆ ತೆಗೆದುಕೊಳ್ಳುವಾಗಲೇ ಕೇಳಿ. ಪೆಟ್ರೋಲಿಗೆ ಸರ್ಕಾರವೇ ಗರಿಷ್ಠ ದರ ಗೊತ್ತು ಮಾಡಿರುತ್ತದೆ, ಹಾಗಾಗಿ ಈ ಪಂಪು ಆ ಪಂಪು ಅಂತ ಹುಡುಕುವ ಕೆಲಸ ಇಲ್ಲ. ವಾಸರ್‌ಬಿಲಿಗ್‌ನಲ್ಲಿ ಸಾಲಾಗಿ ಪಂಪುಗಳಿವೆ, ಸೋವಿ ಅಂತ ತುಂಬಿಸಿಕೊಳ್ಳಲು ಜರ್ಮನಿಯವರೇ ಹೊಳೆ ದಾಟಿ ಬರುತ್ತಾರೆ. ಮಹಾರಾಷ್ಟ್ರ ಗಡಿಗಿರುವ ನಿಪ್ಪಾಣಿ ಕಡೆಯವರಿಗೆ ಈ ವ್ಯಾಪಾರ ಬಿಡಿಸಿ ಹೇಳುವುದು ಬೇಡ.

ಬಾಡಿಗೆ ಕೊಡುವವರು ಕ್ರೆಡಿಟ್ ಕಾರ್ಡಿನಲ್ಲಿ ಡಿಪಾಜಿಟ್ ಹಿಡಿಯುತ್ತಾರೆ. ಕಾರ್ಡು ಓಡಿಸುವವರ ಹೆಸರಿನಲ್ಲೇ ಇರಬೇಕು ಅಂತ ಬಹಳ ಕಡೆ ಕೇಳುತ್ತಾರೆ, ತಂಗಿಯ ಕಾರ್ಡು ಕೊಟ್ಟರೆ ಒಪ್ಪದೆ ಹೋಗಬಹುದು. ಗಾಡಿ ತೆಗೆದುಕೊಳ್ಳುವ ಮುಂಚೆ ಸುತ್ತಲೂ ವಿಡಿಯೋ ಮಾಡಿಟ್ಟುಕೊಳ್ಳಿ, ಚಕ್ರದ ರಿಮ್ಮು, ಕೆಳಗಿನ ಬಂಪರ್ ಸಹಿತ. ಒಂದು ಏಜೆನ್ಸಿಯವರು ಹಳೇ ಗೀರಿಗೆ ನನ್ನಿಂದಲೇ ದುಡ್ಡು ಕೇಳಿದ್ದರು. ವಿಡಿಯೋ ತೋರಿಸಿದ ಮೇಲೆ ಸುಮ್ಮನಾದರು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಏನೆಂದರೆ, ಪೂರ್ತಿ ಪ್ರವಾಸಕ್ಕೆ ಕಾರು ಬೇಡ. ರಾಜಧಾನಿಯೊಳಗೆ ಕಾರಿಗೆ ಪಾರ್ಕಿಂಗ್ ದುಡ್ಡು ಕಟ್ಟುತ್ತಾ, ಜಾಗ ಹುಡುಕುತ್ತಾ ಅರ್ಧ ದಿನ ಹೋಗುತ್ತದೆ. ಹಳ್ಳಿ, ಕಾಡು, ಕೋಟೆ ಸುತ್ತುವ ಎರಡು ದಿನಕ್ಕೆ ಮಾತ್ರ ತೆಗೆದುಕೊಳ್ಳಿ. ಊರೊಳಗೆ ಬರಲೇಬೇಕಾದರೆ ಲುಕ್ಸೆಕ್ಸ್‌ಪೋ ಎಂಬ ವಸ್ತುಪ್ರದರ್ಶನ ಕೇಂದ್ರದ ಹತ್ತಿರ ಅಂಚಿನ ಪಾರ್ಕಿಂಗಿನಲ್ಲಿ ನಿಲ್ಲಿಸಿ ಟ್ರಾಮ್ ಹತ್ತಿ. ಅಲ್ಲಿಯವರೂ ಹಾಗೇ ಮಾಡುತ್ತಾರೆ.

ಆಟೋ, ಟಂಟಂ ಥರ ಏನಾದರೂ ಇದೆಯೇ? ಟ್ಯಾಕ್ಸಿ?
– ಇಳಕಲ್

ಟಂಟಂ ಇಲ್ಲ. ಟ್ಯಾಕ್ಸಿ ಇದೆ, ಬಹಳ ತುಟ್ಟಿ. ರಾತ್ರಿ ರೈಲು ತಪ್ಪಿದಾಗ ಬೇಕಾಗಬಹುದು, ಬಾಕಿ ಹೊತ್ತು ಮರೆತುಬಿಡಿ.

ಮಗಳಿಗೆ ಬೆಲ್ವಾಲ್ ಎಂಬಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ. ಊರಿಂದ ದೂರ ಅನ್ನುತ್ತಾರೆ, ರಾತ್ರಿ ಒಬ್ಬಳೇ ಓಡಾಡಬಹುದೇ? ಫ್ರಾನ್ಸಿನ ಕಡೆ ರೂಮು ಸೋವಿ ಅಂತಾರೆ, ಅಲ್ಲಿಂದ ದಿನಾ ಹೋಗಿ ಬರಬಹುದೇ?
– ವಿದ್ಯಾಗಿರಿ, ಬಾಗಲಕೋಟೆ

ದೂರ ಏನಿಲ್ಲ. ಬೆಲ್ವಾಲ್ ಇರುವುದು ಎಶ್ ಎಂಬ ಊರಿನ ಅಂಚಿಗೆ, ದೇಶದ ದಕ್ಷಿಣದಲ್ಲಿ. ವಿಶ್ವವಿದ್ಯಾಲಯದ ಹೆಸರಿನದೇ ರೈಲ್ವೆ ಸ್ಟೇಷನ್ ಇದೆ, ಬೆಲ್ವಾಲ್ ಯೂನಿವರ್ಸಿಟೆ ಅಂತ. ಅಲ್ಲಿಂದ ರಾಜಧಾನಿಗೆ ಅರ್ಧ ತಾಸಿನ ಆಸುಪಾಸು. ಮೊದಲು ಅದು ಉಕ್ಕಿನ ಕಾರ್ಖಾನೆಯ ಜಾಗ. ದೊಡ್ಡ ಊದುಕುಲುಮೆಗಳನ್ನು ಕೆಡವದೆ ಹಾಗೇ ನಿಲ್ಲಿಸಿ, ಸುತ್ತ ಕಾಲೇಜು, ಲೈಬ್ರರಿ ಕಟ್ಟಿದ್ದಾರೆ. ಸ್ಟೇಷನ್ನಿನಿಂದ ಕ್ಲಾಸಿಗೆ ನಡೆದೇ ಹೋಗಬಹುದು.

ರಾತ್ರಿ ವಿಷಯಕ್ಕೆ ಬಂದರೆ, ಮಧ್ಯರಾತ್ರಿ ಹೊತ್ತಿಗೆ ರೈಲು ನಿಲ್ಲುತ್ತವೆ. ಶುಕ್ರವಾರ, ಶನಿವಾರ ರಾತ್ರಿ ಬಸ್ಸು ಸಿಗುತ್ತವೆ. ಮೊಬಿಲಿಟೈಟ್ ಅನ್ನುವ ಸರ್ಕಾರಿ ಆ್ಯಪ್ ಇದೆ, ಅದರಲ್ಲಿ ಹೊರಡುವ ಜಾಗ, ಮುಟ್ಟುವ ಜಾಗ ಹಾಕಿದರೆ ಬಸ್ಸು, ರೈಲು, ಟ್ರಾಮ್ ಎಲ್ಲ ಸೇರಿಸಿ ದಾರಿ ತೋರಿಸುತ್ತದೆ, ತಡವಾದರೆ ಅದನ್ನೂ ಹೇಳುತ್ತದೆ. ಹೋದ ದಿನವೇ ಹಾಕಿಸಿಕೊಳ್ಳಲಿ. ಬಸ್ಸಿನಲ್ಲಿ ಕಂಡಕ್ಟರ್ ಇರುವುದಿಲ್ಲ, ಸೀಟಿ ಊದುವವರು ಯಾರೂ ಇಲ್ಲ. ಇಳಿಯುವ ಸ್ಟಾಪಿಗೆ ಮೊದಲು ಕಂಬದ ಮೇಲಿನ ಗುಂಡಿ ಒತ್ತಬೇಕು, ಮುಂದೆ ಡ್ರೈವರ್ ಹತ್ತಿರ ಗುರುತು ಹೊತ್ತಿಕೊಳ್ಳುತ್ತದೆ. ಒತ್ತದಿದ್ದರೆ, ಹತ್ತುವವರೂ ಇರದಿದ್ದರೆ, ಬಸ್ಸು ಮುಂದೆ ಹೋಗುತ್ತದೆ. ಹಳ್ಳಿ ಸ್ಟಾಪಿನಲ್ಲಿ ಹತ್ತುವವರು ಡ್ರೈವರಿಗೆ ಕಾಣುವಂತೆ ನಿಂತು ಕೈ ತೋರಿಸುವುದು ಒಳ್ಳೆಯದು, ಫೋನು ನೋಡುತ್ತಾ ಬೆಂಚಿನ ಮೇಲೆ ಕೂತಿದ್ದರೆ ಬಸ್ಸು ಹೋಗಿರುತ್ತದೆ.

ಫ್ರಾನ್ಸಿನಲ್ಲಿ ರೂಮು ಮಾಡುವ ಐಡಿಯಾ ಸಾವಿರಾರು ಜನರದ್ದು. ದಿನಾ ಎರಡು ಲಕ್ಷಕ್ಕೂ ಜಾಸ್ತಿ ಮಂದಿ ಫ್ರಾನ್ಸ್, ಜರ್ಮನಿ, ಬೆಲ್ಜಿಯಂನಿಂದ ಕೆಲಸಕ್ಕೆ ಈ ಸಣ್ಣ ದೇಶಕ್ಕೆ ಬಂದು ಹೋಗುತ್ತಾರೆ, ಬಾಡಿಗೆ ಅಲ್ಲಿ ಅಷ್ಟು ಕಮ್ಮಿ. ಆದರೆ ಅವರು ಯುರೋಪಿನ ಒಕ್ಕೂಟದವರು, ಅವರಿಗೆ ಒಕ್ಕೂಟದ ಯಾವ ದೇಶದಲ್ಲಾದರೂ ಇರುವ ಹಕ್ಕಿದೆ. ನಿಮ್ಮ ಮಗಳಿಗೆ ಸಿಗುವುದು ಲಕ್ಸೆಂಬರ್ಗಿನ ವಾಸದ ಪರ್ಮಿಟ್. ಅದನ್ನು ಇಟ್ಟುಕೊಂಡು ಫ್ರಾನ್ಸಿನಲ್ಲಿ ಮನೆ ಮಾಡಲು ಬರುವುದಿಲ್ಲ. ಸೀನಿಯರ್ ಯಾರೋ ಮಾಡಿದ್ದಾರೆ ಅಂತ ನಂಬಬೇಡಿ. ಎಶ್‌ನಲ್ಲೋ, ರೈಲು ದಾರಿಯ ಬೇರೆ ಸಣ್ಣ ಊರಿನಲ್ಲೋ ನೋಡಿ. ಓಡಾಟ ಪುಕ್ಕಟೆ ಇರುವಾಗ ಸ್ಟೇಷನ್ ಹತ್ತಿರದ ದೂರದ ಊರೂ ನಡೆಯುತ್ತದೆ, ಕಾಲೇಜಿನ ಪಕ್ಕದಲ್ಲೇ ಬೇಕು ಅಂತ ಹಟ ಬೇಡ.

ನಮ್ಮವ್ವಗೆ ಮೊಣಕಾಲು ನೋವು. ಆ ಊರು ಎಲ್ಲ ಏರು, ಇಳಿಜಾರು, ಮೆಟ್ಟಿಲು ಅಂತಾರ. ಕರಕೊಂಡು ಹೋಗೋದು ಬ್ಯಾಡೇನು?
– ಜಮಖಂಡಿ

ಕರೆದುಕೊಂಡು ಹೋಗಿ. ರಾಜಧಾನಿ ಏರಿಳಿತದ್ದೇ, ಸುಳ್ಳಲ್ಲ. ಹಳೇ ಕೋಟೆ ಊರು ಬಂಡೆಯ ಮೇಲಿದೆ, ಹೊಳೆಗಳು ಕೆಳಗೆ ಆಳದಲ್ಲಿ. ಆದರೆ ಮೆಟ್ಟಿಲ ಬದಲು ಲಿಫ್ಟ್ ಇಟ್ಟಿದ್ದಾರೆ, ಅವೂ ಪುಕ್ಕಟೆ. ಪಾಫೆಂಟಾಲ್ ಕಣಿವೆಯಿಂದ ಮೇಲಿನ ಊರಿಗೆ ಗಾಜಿನ ಲಿಫ್ಟ್ ಇದೆ, 71 ಮೀಟರ್ ಎತ್ತರ. ಹತ್ತಿ ನಿಂತರೆ ಕಾಲ ಕೆಳಗೆ ಇಡೀ ಕಣಿವೆ. ಅವ್ವನಿಗೆ ಎತ್ತರ ಅಂದರೆ ಹೆದರಿಕೆ ಇದ್ದರೆ ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿ. ಗ್ರುಂಡ್ ಎಂಬ ಕೆಳಗಿನ ಓಣಿಗೆ ಇನ್ನೊಂದು ಲಿಫ್ಟ್, ಅದು ಬಂಡೆಯೊಳಗೆ.

ಅದೇ ಪಾಫೆಂಟಾಲ್‌ನಲ್ಲಿ ರೈಲಿನಿಂದ ಇಳಿದರೆ, ಪ್ಲಾಟ್‌ಫಾರ್ಮಿನ ಪಕ್ಕದಿಂದಲೇ ಫ್ಯೂನಿಕ್ಯುಲರ್ ಅಂದರೆ ಹಗ್ಗದಿಂದ ಎಳೆಯುವ ಡಬ್ಬಿ, ಗುಡ್ಡ ಹತ್ತಿಸಿ ಕೆಂಪು ಸೇತುವೆಯ ಹತ್ತಿರ ಟ್ರಾಮ್ ಸ್ಟಾಪಿಗೆ ಬಿಡುತ್ತದೆ. ಕೆಳಗೆ ರೈಲು, ನಡುವೆ ಫ್ಯೂನಿಕ್ಯುಲರ್, ಮೇಲೆ ಟ್ರಾಮ್, ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಟ್ರಾಮೂ ಅದೂ 2017ರ ಡಿಸೆಂಬರಿನಲ್ಲಿ ಒಂದೇ ದಿನ ಶುರುವಾದವು. ಟ್ರಾಮಿನ ಒಳನೆಲ ಸ್ಟಾಪಿನ ಕಟ್ಟೆಯ ಮಟ್ಟಕ್ಕೇ ಇರುತ್ತದೆ, ಕಾಲು ಎತ್ತಿ ಹತ್ತುವುದೇ ಇಲ್ಲ. ಗಾಲಿಕುರ್ಚಿ, ಮಕ್ಕಳ ಗಾಡಿ ಎಲ್ಲ ಸಲೀಸಾಗಿ ಒಳಗೆ ಹೋಗುತ್ತವೆ. ಹಳೇ ಊರಿನ ನಡುವೆ ಮೇಲೆ ತಂತಿಯೂ ಇಲ್ಲ, ಸ್ಟಾಪಿನಲ್ಲಿ ನಿಂತಾಗ ಕೆಳಗಿನಿಂದ ಕರೆಂಟು ತುಂಬಿಕೊಂಡು ಮುಂದೆ ಹೋಗುತ್ತದೆ. ವಿಚಿತ್ರ ಅಂದರೆ ಇದೇ ಊರಲ್ಲಿ ಮೊದಲೂ ಟ್ರಾಮ್ ಇತ್ತು. ಬಸ್ಸು, ಕಾರು ಬಂದವು ಅಂತ 1964ರಲ್ಲಿ ಕಿತ್ತು ಹಾಕಿದ್ದರು.

ಒಂದು ತೊಂದರೆ ಮಾತ್ರ ಇದೆ. ಹಳೇ ಊರಿನ ರಸ್ತೆಗೆ ಕಲ್ಲು ಹಾಸಿದ್ದಾರೆ, ಮಳೆಯಲ್ಲಿ ಜಾರುತ್ತದೆ. ಚಪ್ಪಲಿ ಬೇಡ, ಬೂಟು ಹಾಕಿಸಿ.

ವಿಯಾಂಡೆನ್ ಕೋಟೆ ಮತ್ತು ಎಕ್ಟರ್ನಾಖ್ ಊರು ಎರಡೂ ಒಂದೇ ದಿನ, ಕಾರಿಲ್ಲದೆ ಆಗುತ್ತದೆಯೇ?
– ಅಥಣಿ

ಆಗುತ್ತದೆ, ವಾರದ ದಿನ ಬೇಗ ಹೊರಟರೆ. ರಾಜಧಾನಿಯಿಂದ ಉತ್ತರದ ರೈಲು ಹಿಡಿದು ಎಟೆಲ್‌ಬ್ರುಕ್‌ಗೆ ಇಳಿಯಿರಿ, ಅರ್ಧ ತಾಸಿನ ಸುಮಾರು. ಅಲ್ಲಿಂದ ಬಸ್ಸು ಡೀಕಿರ್ಶ್ ಮೇಲೆ ಹಾದು ವಿಯಾಂಡೆನ್‌ಗೆ. ಕೋಟೆ ಗುಡ್ಡದ ನೆತ್ತಿಯ ಮೇಲಿದೆ. ಹತ್ತಲು ಆಗದವರಿಗೆ ಕುರ್ಚಿ ರೋಪ್‌ವೇ ಇದೆ, ಇದು ಪುಕ್ಕಟೆ ಅಲ್ಲ, ಕೋಟೆಗೂ ಟಿಕೀಟಿದೆ. ಇಂಥ ಕುರ್ಚಿ ದೇಶದಲ್ಲಿ ಇದೊಂದೇ, ಚಳಿಗಾಲದಲ್ಲಿ ನಿಲ್ಲಿಸುತ್ತಾರೆ.

ಮಧ್ಯಾಹ್ನ ವಾಪಸು ಡೀಕಿರ್ಶ್ ಕಡೆ ಬಂದು ಎಕ್ಟರ್ನಾಖ್ ಬಸ್ಸು. ಎಕ್ಟರ್ನಾಖ್ ಊರಿಗೆ ರೈಲು ಇಲ್ಲ. ಮೊದಲು ಇತ್ತು. ಚಾರ್ಲಿ ಅಂತ ಮುದ್ದಿನ ಹೆಸರಿನ ಸಣ್ಣ ಗೇಜಿನ ರೈಲು 1904ರಿಂದ 1954ರವರೆಗೆ ರಾಜಧಾನಿಗೆ ಓಡುತ್ತಿತ್ತು. ಹಳಿ ಕಿತ್ತ ಮೇಲೆ ಅದರ ದಾರಿಯ ಬಹಳಷ್ಟು ಭಾಗ ಈಗ ಸೈಕಲ್ ರಸ್ತೆ. ಕಾಲಲ್ಲಿ ಕಸುವಿದ್ದವರು ಅದರಲ್ಲೇ ಹೋಗಬಹುದು, ರೈಲಿನಲ್ಲಿ ಸೈಕಲ್ಲಿಗೂ ದುಡ್ಡಿಲ್ಲ. ಎಕ್ಟರ್ನಾಖ್‌ನಿಂದ ಬಂಡೆಗಳ ನಡುವೆ ನಡೆಯುವ ಮುಲರ್‌ಟಾಲ್ ದಾರಿ ಶುರುವಾಗುತ್ತದೆ. ಪೂರ್ತಿ 112 ಕಿ.ಮೀ., ನೀವು ಒಂದೆರಡು ತಾಸು ನಡೆದು ಬನ್ನಿ. ಸಂಜೆ ನೇರ ಬಸ್ಸು ರಾಜಧಾನಿಗೆ.

ರವಿವಾರ ಈ ಪ್ಲಾನು ಬೇಡ. ಬಸ್ಸು ಕಮ್ಮಿ, ಒಂದು ತಪ್ಪಿದರೆ ಮುಂದಿನದಕ್ಕೆ ತಾಸುಗಟ್ಟಲೆ ಕಾಯಬೇಕು, ಅಂಗಡಿಗಳೂ ಮುಚ್ಚಿರುತ್ತವೆ. ರವಿವಾರ ಬೇಕಾದರೆ ರೈಲು ನೇರ ಹೋಗುವ ಕ್ಲೆರ್ವೋ ಊರು ನೋಡಿ, ಒಂದು ತಾಸಿನ ದಾರಿ.

ಎಲ್ಲಾ ಪುಕ್ಕಟೆ ಕೊಟ್ಟರೆ ಸರ್ಕಾರ ಮುಳುಗುವುದಿಲ್ಲವೇ? ರಸ್ತೆ ಮೇಲೆ ಕಾರು ಕಮ್ಮಿಯಾದವೇ?
– ಪದವಿ ವಿದ್ಯಾರ್ಥಿ, ಬಾಗಲಕೋಟೆ

ಮೊದಲೂ ಟಿಕೀಟು ಸೋವಿಯೇ ಇತ್ತು, ಎರಡು ತಾಸಿಗೆ 2 ಯೂರೋ. ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 4.1 ಕೋಟಿ ಯೂರೋ. ಬಸ್ಸು, ರೈಲು ನಡೆಸುವ ಖರ್ಚು ಸುಮಾರು 50 ಕೋಟಿ. ಅಂದರೆ ಟಿಕೀಟಿನ ದುಡ್ಡು ಹತ್ತನೇ ಒಂದು ಪಾಲಿಗೂ ಸಾಲುತ್ತಿರಲಿಲ್ಲ. ಬಾಕಿ ಎಲ್ಲ ತೆರಿಗೆಯಿಂದಲೇ ಹೋಗುತ್ತಿತ್ತು. ಅದಕ್ಕೇ ಅವರಿಗೆ ಇದು ಅಷ್ಟು ಭಾರ ಅನ್ನಿಸಲಿಲ್ಲ. ಶ್ರೀಮಂತ ದೇಶ, ಏಳು ಲಕ್ಷದೊಳಗಿನ ಜನ. ಅದೇ ಲೆಕ್ಕ ನಮ್ಮ ಸಾರಿಗೆ ಸಂಸ್ಥೆಗೆ ಹಾಕಬೇಡಿ, ಇಲ್ಲಿ ಟಿಕೀಟಿನ ದುಡ್ಡು ದೊಡ್ಡ ಪಾಲು.

ಕಾರು? ಜನಸಂಖ್ಯೆಗೆ ಹೋಲಿಸಿದರೆ ಯುರೋಪಿನಲ್ಲಿ ಅತಿ ಜಾಸ್ತಿ ಕಾರಿರುವ ದೇಶಗಳಲ್ಲಿ ಈಗಲೂ ಇದು ಒಂದು. ಮುಂಜಾನೆ ಫ್ರಾನ್ಸ್ ಕಡೆಯಿಂದ ಬರುವ ಎ3 ಹೆದ್ದಾರಿ ನೋಡಿದರೆ ಪುಕ್ಕಟೆ ಬಸ್ಸಿನ ಸುಳಿವೇ ಸಿಗುವುದಿಲ್ಲ. ಕಂಪನಿಯೇ ಕಾರು ಕೊಡುವ ಪದ್ಧತಿ ಜೋರಾಗಿದೆ, ಹಳ್ಳಿಯಿಂದ ಬಸ್ಸು ಎರಡು ಕಡೆ ಬದಲಿಸಬೇಕು, ಗಡಿಯಾಚೆಯವರಿಗೆ ಅವರ ಭಾಗದ ಟಿಕೀಟು ಇದ್ದೇ ಇದೆ. ದರ ಸೊನ್ನೆ ಆಯಿತು ಅಂತ ಯಾರೂ ಕಾರು ಮಾರುವುದಿಲ್ಲ. ಬಸ್ಸು ಹತ್ತು ನಿಮಿಷಕ್ಕೊಂದು ಬಂದರೆ, ಟ್ರಾಮ್ ಮನೆ ಹತ್ತಿರ ಬಂದರೆ ಬಿಡುತ್ತಾರೆ. ಈಗ ಅವರು ದುಡ್ಡು ಸುರಿಯುತ್ತಿರುವುದೂ ಹಳಿ ಹಾಕಲಿಕ್ಕೇ.

ಮಗನಿಗೆ ಕುಂದಾ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಬಹುದೇ? ರೈಲಿನಲ್ಲಿ ತಿನ್ನಬಹುದೇ?
– ಶಹಾಪುರ, ಬೆಳಗಾವಿ

ಓಡಾಟದ ಪ್ರಶ್ನೆ ಅಲ್ಲ, ಆದರೂ ಮೂರು ಪತ್ರ ಇದೇ ಕೇಳಿವೆ. ಕುಂದಾ ಬೇಡ. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ, ಸಿಕ್ಕರೆ ಕಸ್ಟಮ್ಸಿನವರು ತೆಗೆದುಕೊಳ್ಳುತ್ತಾರೆ. ರೊಟ್ಟಿ, ಚಟ್ನಿಪುಡಿ ಒಯ್ಯಿರಿ, ಕ್ಯಾಬಿನ್ ಬ್ಯಾಗಿನಲ್ಲಿ ಅಲ್ಲ, ದೊಡ್ಡ ಬ್ಯಾಗಿನಲ್ಲಿ. ದೂರದ ರೈಲಿನಲ್ಲಿ ಕೂತು ತಿನ್ನುವವರಿದ್ದಾರೆ, ಊರೊಳಗಿನ ಟ್ರಾಮಿನಲ್ಲಿ ಮಾತ್ರ ಡಬ್ಬಿ ಬಿಚ್ಚಬೇಡಿ.